ಸಣ್ಣ ಕಚೇರಿಯ ಸರ್ವರ್: ಹೊಸ ಆವೃತ್ತಿಗೆ ಏರುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ಕಾಸರಗೋಡು ಜಿಲ್ಲೆಯ ಒಂದು ಅನುದಾನಿತ ಕನ್ನಡ ಮಾಧ್ಯಮ ಶಾಲೆಯ ಕಚೇರಿಯಲ್ಲಿ 2019ರಿಂದ ಒಂದು ಹಳೆಯ ಸರ್ವರ್ ದುಡಿಯುತ್ತಿದೆ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಹಳೆ ವಿದ್ಯಾರ್ಥಿಯೊಬ್ಬರು, ತಮ್ಮ ಕಂಪೆನಿ ಬದಿಗಿಟ್ಟ ಯಂತ್ರವನ್ನು ತಂದು, ಅದರಲ್ಲಿ ವಿಎಂವೇರ್ ಸಂಸ್ಥೆಯ ಇಎಸ್‌ಎಕ್ಸ್‌ಐ 6.7 ಎಂಬ ತಂತ್ರಾಂಶದ ಉಚಿತ ಆವೃತ್ತಿಯನ್ನು ಸ್ಥಾಪಿಸಿಕೊಟ್ಟಿದ್ದರು. ಒಂದು ಯಂತ್ರದೊಳಗೆ ಮೂರು ಯಂತ್ರಗಳು: ಒಂದರಲ್ಲಿ ಟ್ಯಾಲಿ ಲೆಕ್ಕಪತ್ರ, ಇನ್ನೊಂದರಲ್ಲಿ ಕೊಹಾ ತಂತ್ರಾಂಶದ ಗ್ರಂಥಾಲಯ ಸೂಚಿ, ಮೂರನೆಯದರಲ್ಲಿ ವಿಂಡೋಸ್ 7, ಪೇಜ್‌ಮೇಕರ್ ಮತ್ತು ನುಡಿ ಲಿಪಿಯಲ್ಲಿರುವ ಹಳೆಯ ಕನ್ನಡ ಕಡತಗಳು.

ಕಳೆದ ವರ್ಷ ಆಡಳಿತ ಸಮಿತಿಯ ಸಭೆಯಲ್ಲಿ ಈ ಸರ್ವರಿನ ವಿಷಯ ಬಂತು. ಮಾರಾಟ ಪ್ರತಿನಿಧಿಯೊಬ್ಬರು ಹೊಸ ಯಂತ್ರ, ಹೊಸ ಆವೃತ್ತಿ, ವಾರ್ಷಿಕ ಚಂದಾ ಎಂದು ದರಪಟ್ಟಿ ಕೊಟ್ಟು ಹೋಗಿದ್ದರು. ಶಾಲಾ ಮೆನೇಜರರು, "ನಡೀತಾ ಉಂಟಲ್ಲ ಮಾಷ್ಟ್ರೇ, ಮತ್ತೆ ಯಾಕೆ ಮುಟ್ಟುವುದು?" ಎಂದು ಕೇಳಿದರು. ಶಾಲೆಯ ಐಟಿ ಸಂಯೋಜಕನ ಹೊಣೆ ನನ್ನ ಮೇಲಿದ್ದುದರಿಂದ ಉತ್ತರ ಹುಡುಕುವ ಕೆಲಸವೂ ನನಗೇ ಬಂತು. ನಾನು ತಂತ್ರಜ್ಞನಲ್ಲ, ಶಿಕ್ಷಕ. ಆದರೆ ಆ ನಾಲ್ಕು ತಿಂಗಳುಗಳಲ್ಲಿ ಕಲಿತದ್ದು ಇದೇ ಸ್ಥಿತಿಯಲ್ಲಿರುವ ಇತರ ಶಾಲೆ, ಗ್ರಂಥಾಲಯ, ಸಹಕಾರ ಸಂಘಗಳ ಕಚೇರಿಗಳಿಗೆ ಉಪಯೋಗವಾದೀತು ಎಂಬ ನಂಬಿಕೆಯಿಂದ ಇಲ್ಲಿ ಬರೆಯುತ್ತಿದ್ದೇನೆ.

ಒಂದು ಮಾಡು, ಮೂರು ತರಗತಿ

ನಮ್ಮ ಹಳೆಯ ಶಾಲೆಗಳನ್ನು ಕಂಡವರಿಗೆ ವರ್ಚುವಲೈಸೇಷನ್ ಎಂಬ ಪದವನ್ನು ವಿವರಿಸುವುದು ಕಷ್ಟವಲ್ಲ. ಉದ್ದನೆಯ ಒಂದೇ ಹಜಾರ; ನಡುವೆ ತಟ್ಟಿಗಳನ್ನು ನಿಲ್ಲಿಸಿ ಮೂರು ತರಗತಿ. ಮಾಡು ಒಂದೇ, ಗೋಡೆ ಒಂದೇ, ಆದರೆ ಪ್ರತಿ ತರಗತಿಗೂ ತನ್ನದೇ ಹಲಗೆ, ತನ್ನದೇ ಪಾಠ. ಸರ್ವರಿನಲ್ಲಿ ಹೀಗೆ ತಟ್ಟಿ ನಿಲ್ಲಿಸಿ, ಸ್ಮೃತಿ, ಸಂಸ್ಕಾರಕ, ಡಿಸ್ಕುಗಳನ್ನು ಹಂಚಿಕೊಡುವ ತಂತ್ರಾಂಶಕ್ಕೆ ಹೈಪರ್‌ವೈಸರ್ ಎಂದು ಹೆಸರು. ಅದು ರಚಿಸಿಕೊಡುವ ಪ್ರತಿ ತರಗತಿಯೂ ಒಂದು ವರ್ಚುವಲ್ ಯಂತ್ರ. ಒಳಗಿರುವ ವಿಂಡೋಸ್ ಅಥವಾ ಲಿನಕ್ಸ್, ತಾನೊಂದು ಸ್ವತಂತ್ರ ಗಣಕಯಂತ್ರದಲ್ಲಿ ಇದ್ದೇನೆ ಎಂದೇ ಭಾವಿಸುತ್ತದೆ.

ಈ ಕಲ್ಪನೆ ಹೊಸದಲ್ಲ. 1972ರಲ್ಲೇ ಐಬಿಎಂ ತನ್ನ ಬೃಹತ್ ಗಣಕಗಳಿಗೆ ಇಂಥ ವ್ಯವಸ್ಥೆಯನ್ನು ಮಾರುಕಟ್ಟೆಗೆ ತಂದಿತ್ತು. 1998ರಲ್ಲಿ ಸ್ಥಾಪನೆಯಾದ ವಿಎಂವೇರ್ ಅದನ್ನು ಸಾಮಾನ್ಯ ಸರ್ವರುಗಳಿಗೆ ತಂದಿತು. 2007ರಲ್ಲಿ ಕೆವಿಎಂ ಎಂಬ ಹೆಸರಿನಲ್ಲಿ ಅದೇ ಸಾಮರ್ಥ್ಯ ಲಿನಕ್ಸ್‌ನ ತಿರುಳಿಗೇ ಸೇರಿತು. 2008ರಲ್ಲಿ ಮೈಕ್ರೋಸಾಫ್ಟ್ ಹೈಪರ್-ವಿ ಹೆಸರಿನಲ್ಲಿ ತನ್ನದನ್ನು ನೀಡಿತು.

ಸಣ್ಣ ಕಚೇರಿಗೆ ಇದರಿಂದ ಆಗುವ ದೊಡ್ಡ ಲಾಭವೆಂದರೆ, ಹಳೆಯ ವ್ಯವಸ್ಥೆಯೊಂದು ಅದರ ಯಂತ್ರ ಕೆಟ್ಟರೂ ಉಳಿಯುತ್ತದೆ. ವಿಂಡೋಸ್ 7 ಇರುವ ಇಡೀ ಗಣಕಯಂತ್ರವು ಕೆಲವು ಕಡತಗಳ ರೂಪದಲ್ಲಿರುವುದರಿಂದ ಅದನ್ನು ಬೇರೊಂದು ಯಂತ್ರಕ್ಕೆ ಒಯ್ಯಬಹುದು. ಅಪಾಯವೂ ಅಲ್ಲೇ ಇದೆ. ಮಾಡು ಸೋರಿದರೆ ಒಂದು ತರಗತಿ ಮಾತ್ರ ನೆನೆಯುವುದಿಲ್ಲ, ಮೂರೂ ನೆನೆಯುತ್ತವೆ.

"ನಡೀತಾ ಉಂಟಲ್ಲ" ಎಂಬ ವಾದ

ಮೆನೇಜರರ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. ಕೆಲಸ ಮಾಡುತ್ತಿರುವ ವ್ಯವಸ್ಥೆಯನ್ನು ಕಾರಣವಿಲ್ಲದೆ ಮುಟ್ಟಬಾರದು ಎಂಬುದು ವಿವೇಕವೇ. ಹೊಸ ಆವೃತ್ತಿಯ ಹೊಸ ಸೌಲಭ್ಯಗಳು ಹೆಚ್ಚಾಗಿ ನೂರಾರು ಸರ್ವರುಗಳಿರುವ ದೊಡ್ಡ ಸಂಸ್ಥೆಗಳಿಗಾಗಿ ಇರುತ್ತವೆ. ಓಡುತ್ತಿರುವ ಯಂತ್ರವನ್ನು ನಿಲ್ಲಿಸದೆ ಒಂದು ಸರ್ವರಿನಿಂದ ಇನ್ನೊಂದಕ್ಕೆ ಸಾಗಿಸುವ ಸೌಲಭ್ಯ, ಇರುವುದೇ ಒಂದು ಸರ್ವರ್ ಆದಾಗ ನಮಗೆ ಯಾವ ಪ್ರಯೋಜನಕ್ಕೂ ಬಾರದು. ಆದ್ದರಿಂದ ಸೌಲಭ್ಯಗಳ ಪಟ್ಟಿ ನೋಡಿ ಮೇಲೇರುವ ಅಗತ್ಯವಿಲ್ಲ.

ನೋಡಬೇಕಾದದ್ದು ಬೆಂಬಲದ ಅವಧಿ. ತಯಾರಕರು ಒಂದು ಆವೃತ್ತಿಗೆ ಭದ್ರತಾ ಪ್ಯಾಚುಗಳನ್ನು ಎಲ್ಲಿಯವರೆಗೆ ನೀಡುತ್ತಾರೆ ಎಂಬುದು ಮೊದಲೇ ಪ್ರಕಟವಾಗಿರುತ್ತದೆ. ಇಎಸ್‌ಎಕ್ಸ್‌ಐ 6.5 ಮತ್ತು 6.7ರ ಸಾಮಾನ್ಯ ಬೆಂಬಲ 2022ರ ಅಕ್ಟೋಬರ್ 15ರಂದು ಮುಗಿಯಿತು. 7ನೆಯ ಆವೃತ್ತಿಯದು 2025ರ ಅಕ್ಟೋಬರ್ 2ರಂದು ಮುಗಿಯಿತು. 8ನೆಯ ಆವೃತ್ತಿಗೆ 2027ರ ಅಕ್ಟೋಬರ್‌ವರೆಗೆ ಅವಧಿ ಇದೆ. ಎಂದರೆ ನಮ್ಮ ಸರ್ವರ್ ಮೂರು ವರ್ಷ ರಿಪೇರಿ ಕಾಣದ ಮಾಡಿನ ಕೆಳಗೆ ಕೆಲಸ ಮಾಡುತ್ತಿತ್ತು.

ರಿಪೇರಿ ಮಾಡದಿದ್ದರೆ ಏನಾಗುತ್ತದೆ ಎಂಬುದಕ್ಕೆ 2023ರ ಫೆಬ್ರವರಿಯ ಘಟನೆ ಸಾಕ್ಷಿ. ಇಎಸ್‌ಎಕ್ಸ್‌ಐ-ಆರ್ಗ್ಸ್ ಎಂದು ಕರೆಯಲಾದ ಕುತಂತ್ರಾಂಶವು ಫ್ರಾನ್ಸ್, ಅಮೆರಿಕ ಮೊದಲಾದ ದೇಶಗಳಲ್ಲಿ ಕೆಲವೇ ದಿನಗಳಲ್ಲಿ ಸಾವಿರಾರು ಸರ್ವರುಗಳನ್ನು ಹೊಕ್ಕು, ಅವುಗಳಲ್ಲಿದ್ದ ವರ್ಚುವಲ್ ಯಂತ್ರಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಅದು ಬಳಸಿಕೊಂಡ ದೋಷ ಹೊಸದಾಗಿರಲಿಲ್ಲ. ಅದಕ್ಕೆ ಪ್ಯಾಚ್ 2021ರ ಫೆಬ್ರವರಿಯಲ್ಲೇ ಬಿಡುಗಡೆಯಾಗಿತ್ತು. ಎರಡು ವರ್ಷ ಪ್ಯಾಚ್ ಹಾಕದೆ, ಅಂತರಜಾಲಕ್ಕೆ ನೇರವಾಗಿ ತೆರೆದಿಟ್ಟ ಸರ್ವರುಗಳೇ ಹೆಚ್ಚಾಗಿ ಬಲಿಯಾದವು.

ಇಲ್ಲಿ ನ್ಯಾಯವಾಗಿ ಒಂದು ಮಾತು ಸೇರಿಸಬೇಕು. ನಮ್ಮ ಸರ್ವರ್ ಅಂತರಜಾಲಕ್ಕೆ ನೇರವಾಗಿ ತೆರೆದಿರಲಿಲ್ಲ. ಆದ್ದರಿಂದ ಅಪಾಯ ಕಡಿಮೆಯಿತ್ತು. ಆದರೆ ಕಚೇರಿಯ ಇತರ ಗಣಕಗಳಿಗೆ ದಿನವೂ ಪೆನ್‌ಡ್ರೈವ್‌ಗಳು ಬರುತ್ತವೆ, ಇ-ಮೇಲ್ ಬರುತ್ತದೆ. ಅವುಗಳಲ್ಲೊಂದು ಕೆಟ್ಟರೆ ಅದೇ ಜಾಲದಲ್ಲಿರುವ ಸರ್ವರಿಗೆ ದಾರಿ ತೆರೆಯುತ್ತದೆ. ಹಾಗಾಗಿ ಸುಮ್ಮನಿರುವುದೂ ಒಂದು ನಿರ್ಧಾರವೇ. ಅದಕ್ಕೂ ಬೆಲೆ ಇದೆ.

ಬೆಲೆಯ ಲೆಕ್ಕ ಬದಲಾದ ಬಗೆ

ಹಿಂದೆ ಈ ತಂತ್ರಾಂಶವನ್ನು ಒಮ್ಮೆ ಹಣಕೊಟ್ಟು ಶಾಶ್ವತವಾಗಿ ಪಡೆಯಬಹುದಿತ್ತು. ನಮ್ಮಂಥವರಿಗೆ ಉಚಿತ ಆವೃತ್ತಿಯೂ ಇತ್ತು. 2023ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ಸಂಸ್ಥೆ ವಿಎಂವೇರನ್ನು ಕೊಂಡ ಬಳಿಕ ಚಿತ್ರ ಬದಲಾಯಿತು. ಅದೇ ಡಿಸೆಂಬರಿನಲ್ಲಿ ಶಾಶ್ವತ ಪರವಾನಿಗೆಯ ಮಾರಾಟ ನಿಂತು ಚಂದಾ ಪದ್ಧತಿ ಬಂತು. 2024ರ ಫೆಬ್ರವರಿಯಲ್ಲಿ ಉಚಿತ ಆವೃತ್ತಿಯನ್ನೂ ನಿಲ್ಲಿಸಲಾಯಿತು. 2025ರ ಏಪ್ರಿಲಿನಲ್ಲಿ 8ನೆಯ ಆವೃತ್ತಿಯ ಜತೆಗೆ ಅದು ಮರಳಿ ಬಂತಾದರೂ, ಅದಕ್ಕೆ ಬೆಂಬಲ ಸೇವೆ ಇಲ್ಲ. ಒಮ್ಮೆ ನಿಂತು ಮತ್ತೆ ಬಂದದ್ದು ಇನ್ನೊಮ್ಮೆ ನಿಲ್ಲಲಾರದು ಎಂದು ಹೇಳುವಂತೆಯೂ ಇಲ್ಲ.

ಚಂದಾದ ಲೆಕ್ಕದಲ್ಲಿ ಸಣ್ಣ ಕಚೇರಿಗಳು ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಶುಲ್ಕವನ್ನು ಸಂಸ್ಕಾರಕದ ಕೋರುಗಳ ಸಂಖ್ಯೆಯ ಮೇಲೆ ಎಣಿಸುತ್ತಾರೆ. ಪ್ರತಿ ಸಂಸ್ಕಾರಕಕ್ಕೆ ಕನಿಷ್ಠ 16 ಕೋರು ಎಂದು ಹಿಡಿಯುತ್ತಾರೆ. ನಮ್ಮ ಸರ್ವರಿನಲ್ಲಿ 8 ಕೋರುಗಳ ಎರಡು ಸಂಸ್ಕಾರಕಗಳಿವೆ. ಇರುವುದು 16 ಕೋರು, ತೆರಬೇಕಾದದ್ದು 32ಕ್ಕೆ, ಅದೂ ಪ್ರತಿ ವರ್ಷ. ದರಪಟ್ಟಿ ಕೈಗೆ ಬಂದಾಗ ಮೊತ್ತವನ್ನು ಮಾತ್ರ ನೋಡದೆ, ಎಷ್ಟು ಕೋರಿಗೆ, ಎಷ್ಟು ವರ್ಷಕ್ಕೆ, ಮುಂದಿನ ನವೀಕರಣದಲ್ಲಿ ದರ ಹೆಚ್ಚಾಗದೆಂಬ ಖಾತರಿ ಇದೆಯೇ ಎಂಬ ಮೂರು ಪ್ರಶ್ನೆ ಕೇಳಬೇಕು.

ಯಂತ್ರ ಒಪ್ಪುತ್ತದೆಯೇ?

ಹಣದ ಮಾತು ಮುಗಿಯುವ ಮೊದಲೇ ಇನ್ನೊಂದು ತೊಡಕು ಎದುರಾಯಿತು. ನಮ್ಮ ಸರ್ವರಿನ ಸಂಸ್ಕಾರಕ ಇಂಟೆಲ್‌ನ ಸ್ಯಾಂಡಿ ಬ್ರಿಡ್ಜ್ ಪೀಳಿಗೆಯದು. 8ನೆಯ ಆವೃತ್ತಿ ಆ ಪೀಳಿಗೆಗೆ ಬೆಂಬಲ ನಿಲ್ಲಿಸಿದೆ. ಅನುಸ್ಥಾಪನೆಯ ವೇಳೆ ಒಂದು ಆದೇಶ ಬರೆದು ಬಲವಂತವಾಗಿ ಏರಿಸುವ ಉಪಾಯ ಇದೆ. ಮನೆಯಲ್ಲಿ ಕಲಿಯುವವರಿಗೆ ಅದು ಸರಿ, ಮಕ್ಕಳ ದಾಖಲೆ ಇರುವ ಕಚೇರಿಗೆ ಸಲ್ಲದು.

ಏರಿದ ಮೇಲೆ ಇಳಿಯಲು ದಾರಿ ಇದೆಯೇ ಎಂಬುದನ್ನೂ ತಿಳಿದಿರಬೇಕು. 6.7ರಿಂದ 7ಕ್ಕೆ ಅಥವಾ ಅದಕ್ಕಿಂತ ಮೇಲಿನ ಆವೃತ್ತಿಗೆ ಹೋಗುವಾಗ ಆರಂಭದ ಡಿಸ್ಕಿನ ವಿಭಾಗಗಳೇ ಮರುರಚನೆಯಾಗುತ್ತವೆ. ಆ ಬಳಿಕ ಹಿಂದಿನ ಆವೃತ್ತಿಗೆ ಮರಳುವ ಸಾಮಾನ್ಯ ಸೌಲಭ್ಯ ಕೆಲಸ ಮಾಡುವುದಿಲ್ಲ. ಇರುವ ಒಂದೇ ಯಂತ್ರದಲ್ಲಿ ಇಂಥ ಕೆಲಸಕ್ಕೆ ಕೈಹಾಕುವುದೆಂದರೆ ಹೊಳೆಯ ನಡುವೆ ದೋಣಿ ಸುಟ್ಟಂತೆ.

ಉಳಿಸಿದ ಪ್ರತಿ ನಿಜವಾಗಿಯೂ ಉಳಿದಿದೆಯೇ?

ಈ ಲೇಖನದಲ್ಲಿ ಒಂದೇ ಭಾಗವನ್ನು ಓದುವವರಿದ್ದರೆ ಇದನ್ನು ಓದಬೇಕೆಂದು ನನ್ನ ಕೋರಿಕೆ.

ನಮ್ಮಲ್ಲಿ ಪ್ರತಿ ಶನಿವಾರ ವರ್ಚುವಲ್ ಯಂತ್ರಗಳ ದೊಡ್ಡ ಕಡತಗಳನ್ನು ಹೊರಗಿನ ಹಾರ್ಡ್‌ಡಿಸ್ಕಿಗೆ ನಕಲು ಮಾಡುವ ಪದ್ಧತಿ ಇತ್ತು. ಉಚಿತ ಆವೃತ್ತಿಯಲ್ಲಿ ಬ್ಯಾಕಪ್ ತಂತ್ರಾಂಶಗಳಿಗೆ ಬೇಕಾದ ಪ್ರವೇಶ ಸೌಲಭ್ಯ ಇಲ್ಲದ ಕಾರಣ ಕೈಯಿಂದಲೇ ಮಾಡಬೇಕಿತ್ತು. ನೋಂದಣಿ ಪುಸ್ತಕದಲ್ಲಿ ವಾರ ವಾರವೂ ಸಹಿ ಇದೆ. ಯಾವ ನಿರ್ಧಾರಕ್ಕೂ ಮೊದಲು ಈ ನಕಲನ್ನು ಬೇರೊಂದು ಯಂತ್ರದಲ್ಲಿ ತೆರೆದು ನೋಡೋಣ ಎಂದು ಕಂಪ್ಯೂಟರ್ ಲ್ಯಾಬಿನ ಒಂದು ಗಣಕದಲ್ಲಿ ಪ್ರಯತ್ನಿಸಿದೆವು. ವಿಂಡೋಸ್ 7 ಎದ್ದಿತು. ಕಡತಗಳ ಪಟ್ಟಿ ತೆರೆಯಿತು. ಅತ್ಯಂತ ಹೊಸ ಕಡತದ ದಿನಾಂಕ 2021ರ ಮಾರ್ಚ್ ಆಗಿತ್ತು.

ಕಾರಣ ತಿಳಿಯಲು ಒಂದು ದಿನ ಬೇಕಾಯಿತು. 2021ರಲ್ಲಿ ಮುದ್ರಕದ ಚಾಲಕ ತಂತ್ರಾಂಶವನ್ನು ಹಾಕುವ ಮುನ್ನ ಮುಂಜಾಗ್ರತೆಗೆಂದು ಒಂದು ಸ್ನ್ಯಾಪ್‌ಶಾಟ್ ತೆಗೆಯಲಾಗಿತ್ತು. ತೆಗೆದವನು ನಾನೇ, ಬಳಿಕ ಮರೆತೆ. ಸ್ನ್ಯಾಪ್‌ಶಾಟ್ ತೆಗೆದ ಕ್ಷಣದಿಂದ ಮೂಲ ಡಿಸ್ಕಿನ ಕಡತ ಹಾಗೆಯೇ ನಿಂತುಬಿಡುತ್ತದೆ. ನಂತರ ಬರೆದದ್ದೆಲ್ಲ ಪಕ್ಕದಲ್ಲಿ ಹುಟ್ಟುವ ಇನ್ನೊಂದು ಕಡತಕ್ಕೆ ಹೋಗುತ್ತದೆ. ನಮ್ಮ ಗುಮಾಸ್ತರು ಹೇಳಿಕೊಟ್ಟಂತೆ ಮೂಲ ಕಡತವನ್ನು ಮಾತ್ರ ನಕಲು ಮಾಡುತ್ತಿದ್ದರು. ಅದು ಬದಲಾಗದ ಕಡತವಾದುದರಿಂದ ಯಂತ್ರ ಓಡುತ್ತಿದ್ದಾಗಲೂ ನಕಲು ಸುಸೂತ್ರವಾಗಿ ಆಗುತ್ತಿತ್ತು. ನಾಲ್ಕು ವರ್ಷ, ಪ್ರತಿ ವಾರ, ಒಂದೇ ಹಳೆಯ ದಿನವನ್ನು ನಾವು ಜೋಪಾನವಾಗಿ ಉಳಿಸುತ್ತಾ ಬಂದಿದ್ದೆವು.

ಆ ನಾಲ್ಕು ವರ್ಷಗಳಲ್ಲಿ ಆ ಯಂತ್ರದಲ್ಲಿ ಬೆರಳಚ್ಚಾದದ್ದು ಏನು? ಶಾಲಾ ಸ್ಮರಣ ಸಂಚಿಕೆಗಾಗಿ ಊರಿನ ಹಿರಿಯರಿಂದ ಬರೆದುಕೊಂಡ ಶಾಲೆಯ ಆರಂಭದ ದಿನಗಳ ನೆನಪುಗಳು ಅದರಲ್ಲಿದ್ದವು. ಹೇಳಿದವರಲ್ಲಿ ಇಬ್ಬರು ಈಗ ಇಲ್ಲ. ದರಪಟ್ಟಿಯನ್ನು ಒಪ್ಪಿ, "ಬ್ಯಾಕಪ್ ಇದೆ" ಎಂಬ ಧೈರ್ಯದಲ್ಲಿ ಹಳೆಯ ಸರ್ವರನ್ನು ಅಳಿಸಿದ್ದರೆ ಅವರ ಮಾತುಗಳು ಮತ್ತೆ ಸಿಗುತ್ತಿರಲಿಲ್ಲ. ಮೂಲ ಸರ್ವರನ್ನು ಇನ್ನೂ ಮುಟ್ಟಿರದ ಕಾರಣ ಎಲ್ಲವೂ ಉಳಿಯಿತು.

ಇದರಿಂದ ಮೂರು ಪಾಠ. ಒಂದು, ಸ್ನ್ಯಾಪ್‌ಶಾಟ್ ಬ್ಯಾಕಪ್ ಅಲ್ಲ. ಅದು ಕೆಲವು ಗಂಟೆಗಳ ಅಥವಾ ದಿನಗಳ ತಾತ್ಕಾಲಿಕ ಊರುಗೋಲು. ಎರಡು, ಕೈಯಿಂದ ನಕಲು ಮಾಡುವುದಾದರೆ ಯಂತ್ರವನ್ನು ಪೂರ್ಣವಾಗಿ ನಿಲ್ಲಿಸಿ, ಅದರ ಇಡೀ ಫೋಲ್ಡರನ್ನು ನಕಲು ಮಾಡಬೇಕು. ಮೂರು, ತೆರೆದು ನೋಡದ ಬ್ಯಾಕಪ್ಪನ್ನು ಲೆಕ್ಕಕ್ಕೆ ಹಿಡಿಯಬಾರದು. ಮರೆತ ಸ್ನ್ಯಾಪ್‌ಶಾಟನ್ನು ತೆಗೆದುಹಾಕುವ ಗುಂಡಿಯ ಮೇಲೆ "ಅಳಿಸು" ಎಂದು ಇರುವುದರಿಂದ ಹಲವರು ಹೆದರುತ್ತಾರೆ. ಅದು ಈಚಿನ ದತ್ತಾಂಶವನ್ನು ಅಳಿಸುವುದಿಲ್ಲ, ಮೂಲ ಡಿಸ್ಕಿನೊಂದಿಗೆ ಸೇರಿಸುತ್ತದೆ. ಆದರೆ ಅದಕ್ಕೆ ಡಿಸ್ಕಿನಲ್ಲಿ ಖಾಲಿ ಜಾಗ ಬೇಕು, ಸಮಯ ಬೇಕು. ಆರಂಭಿಸುವ ಮುನ್ನ ಇಡೀ ಫೋಲ್ಡರಿನ ಒಂದು ಪ್ರತಿ ಹೊರಗಿರಬೇಕು. ನಡುವೆ ವಿದ್ಯುತ್ ಹೋಗದಂತೆ ಯುಪಿಎಸ್ ಸುಸ್ಥಿತಿಯಲ್ಲಿರಬೇಕು. ನಮ್ಮ ಸಿಡಿಲು-ಮಳೆಯ ತಿಂಗಳುಗಳಲ್ಲಿ ಈ ಕೆಲಸ ಬೇಡ.

ಮುಂದಿದ್ದ ನಾಲ್ಕು ದಾರಿಗಳು

ಬ್ಯಾಕಪ್ ಸರಿಪಡಿಸಿದ ಮೇಲೆ ಸಮಿತಿಯ ಮುಂದೆ ನಾಲ್ಕು ದಾರಿಗಳನ್ನು ಇಟ್ಟೆ.

ಮೊದಲನೆಯದು, ಹೊಸ ಯಂತ್ರ ಕೊಂಡು ಇಎಸ್‌ಎಕ್ಸ್‌ಐ ಹೊಸ ಆವೃತ್ತಿಗೆ ಏರುವುದು. ಪರಿಚಿತ ವ್ಯವಸ್ಥೆ, ಸ್ಥಳಾಂತರ ಸುಲಭ. ಆದರೆ ಉಚಿತವಾದರೆ ಬೆಂಬಲವಿಲ್ಲ, ಬೆಂಬಲ ಬೇಕಾದರೆ ವರ್ಷ ವರ್ಷ ಚಂದಾ.

ಎರಡನೆಯದು, ಮೈಕ್ರೋಸಾಫ್ಟಿನ ಹೈಪರ್-ವಿ. ವಿಂಡೋಸ್ ಸರ್ವರ್ ಪರವಾನಿಗೆ ಈಗಾಗಲೇ ಇರುವ ಕಚೇರಿಗೆ ಇದು ಸಹಜ ಆಯ್ಕೆ. ಪ್ರತ್ಯೇಕವಾಗಿ ಉಚಿತವಾಗಿ ಸಿಗುತ್ತಿದ್ದ ಹೈಪರ್-ವಿ ಸರ್ವರ್ 2019ರ ಆವೃತ್ತಿಯೊಂದಿಗೆ ಕೊನೆಗೊಂಡಿದೆ. ನಮ್ಮಲ್ಲಿ ಆ ಪರವಾನಿಗೆ ಇರಲಿಲ್ಲ.

ಮೂರನೆಯದು, ಪ್ರಾಕ್ಸ್‌ಮಾಕ್ಸ್ ವಿಇ. ಆಸ್ಟ್ರಿಯದ ವಿಯೆನ್ನಾದ ಸಂಸ್ಥೆಯೊಂದು ಡೆಬಿಯನ್ ಲಿನಕ್ಸ್ ಮತ್ತು ಕೆವಿಎಂ ಆಧಾರದಲ್ಲಿ ರೂಪಿಸಿದ ಮುಕ್ತ ತಂತ್ರಾಂಶ. ಹಣಕೊಟ್ಟರೆ ಬೆಂಬಲ ಸಿಗುತ್ತದೆ. ಕೊಡದಿದ್ದರೂ ಸೌಲಭ್ಯಗಳಲ್ಲಿ ಕಡಿತವಿಲ್ಲ, ನವೀಕರಣಗಳೂ ಬರುತ್ತವೆ. ಬ್ಯಾಕಪ್ ವ್ಯವಸ್ಥೆ ಅದರೊಳಗೇ ಇದೆ. ಇದರ ಬೆಲೆ ಎಂದರೆ ಕಲಿಯುವ ಶ್ರಮ, ಮತ್ತು ಸುಮಾರು ಮೂರು ವರ್ಷಕ್ಕೊಮ್ಮೆ ದೊಡ್ಡ ಆವೃತ್ತಿಗೆ ಏರಲೇಬೇಕಾದ ಶಿಸ್ತು.

ನಾಲ್ಕನೆಯದು, ವರ್ಚುವಲೈಸೇಷನನ್ನೇ ಕೈಬಿಡುವುದು. ಟ್ಯಾಲಿಗೆ ಒಂದು ಸಾಮಾನ್ಯ ಗಣಕ ಸಾಕು. ನಿಮ್ಮ ಕಚೇರಿಯಲ್ಲಿ ಇರುವುದು ಒಂದೇ ಕೆಲಸವಾದರೆ ಇದೇ ಉತ್ತಮ ದಾರಿ ಎಂದು ನಿಸ್ಸಂಕೋಚವಾಗಿ ಹೇಳುತ್ತೇನೆ. ನಮ್ಮಲ್ಲಿ ವಿಂಡೋಸ್ 7 ಯಂತ್ರವನ್ನು ಉಳಿಸಲೇಬೇಕಾದ ಕಾರಣ ಇದನ್ನು ಬಿಟ್ಟೆವು.

ಸಮಿತಿ ಮೂರನೆಯದನ್ನು ಆರಿಸಿತು. ಲಿನಕ್ಸ್ ಎಂದರೆ ಭಯಪಡುವ ವಾತಾವರಣ ನಮ್ಮಲ್ಲಿ ಇರಲಿಲ್ಲ ಎಂಬುದೂ ಒಂದು ಕಾರಣ. ಕೇರಳದ ಶಾಲೆಗಳಲ್ಲಿ ಕೈಟ್ ಗ್ನು/ಲಿನಕ್ಸ್ ದಿನನಿತ್ಯದ ಬಳಕೆಯಲ್ಲಿರುವುದರಿಂದ ನಮ್ಮ ಅಧ್ಯಾಪಕರಿಗೆ, ಮಕ್ಕಳಿಗೆ ಅದು ಪರಕೀಯವಲ್ಲ. ಬೇರೆ ರಾಜ್ಯದ ನಮ್ಮ ಬಂಧುಗಳ ಕಚೇರಿಯಲ್ಲಿ ವಿಂಡೋಸ್ ಬಲ್ಲವರೇ ಇದ್ದರೆ ಅವರ ಉತ್ತರ ಬೇರೆಯಾಗಬಹುದು. ಕೆಟ್ಟಾಗ ಸರಿಪಡಿಸುವವರು ಯಾರು ಎಂಬ ಪ್ರಶ್ನೆಯೇ ಅಲ್ಲಿ ನಿರ್ಣಾಯಕ.

ಸ್ಥಳಾಂತರ ನಡೆದ ರೀತಿ

ಹಳೆಯ ಸರ್ವರನ್ನು ಮುಟ್ಟಲಿಲ್ಲ. 32 ಜಿಬಿ ಸ್ಮೃತಿ ಮತ್ತು ಒಂದರ ಪ್ರತಿಬಿಂಬವಾಗಿ ಇನ್ನೊಂದು ಕೆಲಸ ಮಾಡುವ ಎರಡು ಎಸ್‌ಎಸ್‌ಡಿಗಳಿರುವ ಸಾಧಾರಣ ಗಣಕವನ್ನು ಕೊಂಡು, ಅದರಲ್ಲಿ ಪ್ರಾಕ್ಸ್‌ಮಾಕ್ಸ್ ಹಾಕಿದೆವು. ಕ್ರಿಸ್ಮಸ್ ರಜೆಯ ಹತ್ತು ದಿನಗಳನ್ನು ಆರಿಸಿಕೊಂಡೆವು. ಮಾರ್ಚಿನ ಲೆಕ್ಕಪತ್ರದ ವೇಳೆಯಲ್ಲಾಗಲಿ ಜೂನ್ ತಿಂಗಳ ದಾಖಲಾತಿಯ ಗಡಿಬಿಡಿಯಲ್ಲಾಗಲಿ ಇಂಥ ಕೆಲಸ ಹಿಡಿಯಬಾರದು.

2024ರಲ್ಲಿ ಬಂದ 8.2ನೆಯ ಆವೃತ್ತಿಯಿಂದ ಇಎಸ್‌ಎಕ್ಸ್‌ಐ ಯಂತ್ರಗಳನ್ನು ನೇರವಾಗಿ ಆಮದು ಮಾಡಿಕೊಳ್ಳುವ ಸೌಲಭ್ಯ ಅದರಲ್ಲಿದೆ. ಕೊಹಾ ಇರುವ ಲಿನಕ್ಸ್ ಯಂತ್ರ ಒಂದೇ ಸಂಜೆಯಲ್ಲಿ ಬಂತು. ಜಾಲದ ಹೆಸರು ಬದಲಾದುದನ್ನು ಮಾತ್ರ ತಿದ್ದಬೇಕಾಯಿತು. ವಿಂಡೋಸ್ ಯಂತ್ರಗಳಲ್ಲಿ ಹೊರಡುವ ಮೊದಲೇ ವಿಎಂವೇರ್ ಟೂಲ್ಸ್ ತೆಗೆದುಹಾಕಿದ್ದು ಒಳ್ಳೆಯದಾಯಿತು. ವಿಂಡೋಸ್ 7 ಮೊದಲ ಬಾರಿ ನೀಲಿ ಪರದೆ ತೋರಿಸಿತು. ಡಿಸ್ಕನ್ನು ಹಳೆಯ ಐಡಿಇ ಮಾದರಿಯದೆಂದು ತೋರಿಸಿದ ಬಳಿಕ ಎದ್ದಿತು. ಟ್ಯಾಲಿಯ ಪರವಾನಿಗೆ ಯಂತ್ರಕ್ಕೆ ಅಂಟಿಕೊಂಡಿರುವುದರಿಂದ, ಹಳೆಯದರಲ್ಲಿ ಅದನ್ನು ಮರಳಿಸಿ ಹೊಸದರಲ್ಲಿ ಮತ್ತೆ ಸಕ್ರಿಯಗೊಳಿಸಬೇಕಾಯಿತು. ಪ್ರಾಕ್ಸ್‌ಮಾಕ್ಸ್ ಪ್ರವೇಶಿಸಿದಾಗಲೆಲ್ಲ ಚಂದಾ ಇಲ್ಲ ಎಂಬ ಸೂಚನೆ ಬರುತ್ತದೆ. ಅದು ದೋಷವಲ್ಲ ಎಂದು ಗುಮಾಸ್ತರಿಗೆ ಬರೆದುಕೊಟ್ಟಿದ್ದೇವೆ. ಚಂದಾ ಇಲ್ಲದವರ ನವೀಕರಣ ಭಂಡಾರವನ್ನು ನಾವೇ ಆರಿಸಬೇಕು, ಇಲ್ಲವಾದರೆ ಪ್ಯಾಚುಗಳು ಬರುವುದಿಲ್ಲ.

ಈಗ ಬ್ಯಾಕಪ್ ಪ್ರತಿ ರಾತ್ರಿ ತಾನಾಗಿ ನಡೆಯುತ್ತದೆ. ಮೂಲವೂ ಸೇರಿ ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಶಾಲೆಯಿಂದ ಹೊರಗೆ. ತಿಂಗಳ ಮೊದಲ ಶನಿವಾರ ಒಂದು ಯಂತ್ರವನ್ನು ಬ್ಯಾಕಪ್ಪಿನಿಂದ ಎಬ್ಬಿಸಿ, ಹೊಸ ಕಡತದ ದಿನಾಂಕವನ್ನು ಓದಿ, ನೋಂದಣಿ ಪುಸ್ತಕದಲ್ಲಿ ಆ ದಿನಾಂಕವನ್ನೇ ಬರೆಯುತ್ತೇವೆ. ಬರಿಯ ಸಹಿ ಸಾಲದು ಎಂಬುದನ್ನು ಕಲಿತಿದ್ದೇವೆ.

ಹಳೆಯ ಕನ್ನಡ ಕಡತಗಳ ವಿಷಯ

ಕೊನೆಗೊಂದು ಮಾತು ನಮ್ಮ ಎಲ್ಲ ಕನ್ನಡ ಕಚೇರಿಗಳಿಗೂ ಅನ್ವಯಿಸುತ್ತದೆ. ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹ, ಶ್ರೀಲಿಪಿಗಳಲ್ಲಿ ಬೆರಳಚ್ಚಾದ ಪುಟಗಳು ಅದೇ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಪೇಜ್‌ಮೇಕರಿನ ಕೊನೆಯ ಮುಖ್ಯ ಆವೃತ್ತಿ ಬಂದದ್ದು 2001ರಲ್ಲಿ. ವಿಂಡೋಸ್ 7ಕ್ಕೆ ಬೆಂಬಲ 2020ರ ಜನವರಿಯಲ್ಲೇ ಮುಗಿದಿದೆ. ವರ್ಚುವಲ್ ಯಂತ್ರದೊಳಗೆ ಈ ಮೂರನ್ನೂ ಇನ್ನಷ್ಟು ಕಾಲ ಬದುಕಿಸಬಹುದು. ಆದರೆ ಅದು ಕಾಲಾವಕಾಶ ಮಾತ್ರ. ಆ ಯಂತ್ರವನ್ನು ನಾವು ಜಾಲದಿಂದ ಪೂರ್ಣ ಬೇರ್ಪಡಿಸಿದ್ದೇವೆ. ಒಳಗಿರುವ ಪುಟಗಳನ್ನು ಒಂದೊಂದಾಗಿ ಪಿಡಿಎಫ್ ಮಾಡಿ, ಪಠ್ಯವನ್ನು ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರಗಳ ತಪ್ಪುಗಳನ್ನು ತಿದ್ದುತ್ತಿದ್ದೇವೆ. ಮೊದಲು ಮುಗಿಸಿದ್ದು ಹಿರಿಯರ ನೆನಪುಗಳ ಪುಟಗಳನ್ನು.

ನಿಮ್ಮ ಕಚೇರಿಯಲ್ಲಿ ಇದೇ ಪ್ರಶ್ನೆ ಬಂದಾಗ ಈ ಕ್ರಮದಲ್ಲಿ ಕೇಳಿನೋಡಿ. ಈಗಿನ ಆವೃತ್ತಿಗೆ ಪ್ಯಾಚು ಬರುವ ಕೊನೆಯ ದಿನ ಯಾವುದು? ಬ್ಯಾಕಪ್ಪನ್ನು ಬೇರೆ ಯಂತ್ರದಲ್ಲಿ ತೆರೆದು ನೋಡಿದ್ದು ಯಾವಾಗ? ಹೊಸ ಆವೃತ್ತಿಯನ್ನು ನಮ್ಮ ಯಂತ್ರ ಒಪ್ಪುತ್ತದೆಯೇ? ಕೆಲಸ ಕೆಟ್ಟರೆ ಹಿಂದಿರುಗುವ ದಾರಿ ಉಳಿದಿದೆಯೇ? ಐದು ವರ್ಷದ ಒಟ್ಟು ವೆಚ್ಚವೆಷ್ಟು? ಊರಿನಲ್ಲಿ ಇದನ್ನು ಬಲ್ಲವರು ಕನಿಷ್ಠ ಇಬ್ಬರು ಇದ್ದಾರೆಯೇ?

ಎರಡನೆಯ ಪ್ರಶ್ನೆಗೆ ಉತ್ತರ ದೊರೆಯದಿದ್ದರೆ ಉಳಿದವುಗಳನ್ನು ಬದಿಗಿಟ್ಟು ಮೊದಲು ಅದನ್ನೇ ಸರಿಪಡಿಸಿ. ನಮ್ಮ ಹಳೆಯ ಸರ್ವರನ್ನು ಇನ್ನೂ ಒಂದು ವರ್ಷ ಹಾಗೆಯೇ ಇಡುವುದೆಂದು ಸಮಿತಿ ತೀರ್ಮಾನಿಸಿದೆ. ಜಾಲದ ತಂತಿ ಕಳಚಿ, ಬಟ್ಟೆ ಹೊದೆಸಿ, ಕಚೇರಿಯ ಅದೇ ಮೂಲೆಯಲ್ಲಿ ಇಟ್ಟಿದ್ದೇವೆ.